ಸೊಟ್ಟ ಕೋವಿಯ ಬೊಮ್ಮಾಚಾರಿ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರದ ಕಾಲದಲ್ಲಿ, ಕಾಡಂಚಿನ ಒಂದೂರಲ್ಲಿ ಬೊಮ್ಮಾಚಾರಿ ಅಂತ ಒಬ್ಬ ಕಮ್ಮಾರ ಇದ್ದನಂತೆ. ಕುಡುಗೋಲೂ ಮಾಡೋನು, ಕೋವಿಯೂ ಮಾಡೋನು. ಅವನ ಕೋವಿಯ ನಳಿಗೆಯೊಳಗೆ ಇಣುಕಿದರೆ ಬೆಟ್ಟದಾಚೆಯ ಊರು ಕಾಣ್ತಿತ್ತು ಅಂತಾರೆ. ಕಾಣ್ತಿತ್ತೋ ಇಲ್ಲವೋ ನನ್ನ ಕೇಳಬೇಡಿ, ಕೈ ಮಾತ್ರ ಚೆನ್ನಾಗಿತ್ತು.

ಆ ಕೈಯೂ ಒಂದು ಸಲ ತಪ್ಪಿತು. ಬೆಳಗಾದರೆ ಹಂದಿಬೇಟೆ ಅನ್ನೋ ಅವಸರದಲ್ಲಿ, ತಾನು ಒಂದು ಗುಂಡೂ ಹಾರಿಸಿ ನೋಡದೆ, ಇಟ್ಟ ಗುರಿ ತಪ್ಪದ, ಊರಿಗೊಬ್ಬನೇ ಗುರಿಕಾರ ಜವರಯ್ಯನ ಕೈಗೆ ಹೊಸ ಕೋವಿ ಕೊಟ್ಟುಬಿಟ್ಟ. ಮೊದಲ ಗುಂಡಿಗೇ ಕೋವಿಯ ಬುಡ ಸಿಡಿದು ಜವರಯ್ಯನ ಬಲಗಣ್ಣು ಹೋಯಿತು.

ಜವರಯ್ಯ ಬೈಯಲಿಲ್ಲ. ಬೇಟೆ ಬಿಟ್ಟು ಮನೆ ಸೇರಿದ. ಗುರಿಕಾರ ಮೂಲೆಗೆ ಕೂತ ಮೇಲೆ ಹಂದಿಗಳಿಗೆ ಹೇಳೋರು ಕೇಳೋರು ಯಾರು? ರಾಗಿ ಹೊಲ ಉಳೀಲಿಲ್ಲ, ಗೆಣಸಿನ ಪಾತಿ ಉಳೀಲಿಲ್ಲ. ಒಂದು ದಿನ ಬೊಮ್ಮಾಚಾರಿ ಹೋಗಿ ಜವರಯ್ಯನ ಜಗಲಿ ಮೇಲೆ ಕೂತ. ನೀನು ರೂಢಿಯಂತೆ ಬಲಭುಜಕ್ಕೇ ಇಟ್ಟು ಎಡಗಣ್ಣಲ್ಲಿ ಗುರಿ ನೋಡೋ ಕೋವಿ ಮಾಡಿಕೊಡ್ತೀನಿ ಅಂದ.

"ಇರೋ ಇನ್ನೊಂದು ಕಣ್ಣೂ ಬೇಕೇನೋ ನಿನಗೆ?" ಅಂದ ಜವರಯ್ಯ.

"ಈ ಸಲ ಮೊದಲು ನನ್ನ ಕೆನ್ನೆ ಇಡ್ತೀನಿ" ಅಂದ ಬೊಮ್ಮಾಚಾರಿ.

ದಾರ ಹಿಡಿದು ಭುಜದಿಂದ ಕಣ್ಣಿಗೆ, ಕಣ್ಣಿಂದ ಬೆರಳಿಗೆ ಅಳತೆ ತೆಗೆದ. ಬೀಟೆ ಮರ ತಂದು, ಭುಜಕ್ಕಿಡೋ ಹಿಡಿಯನ್ನ ಎಡಗಣ್ಣಿನ ಕಡೆಗೆ ಬಾಗೋ ಹಾಗೆ ಸೊಟ್ಟಗೆ ಕೆತ್ತಿದ, ಗುಂಡಿನ ಒದೆತಕ್ಕೆ ಸೀಳಿತು. ಹೊನ್ನೆ ತಂದ, ಅದೂ ಸೀಳಿತು. ಬಿಡೋ ಆಸಾಮಿಯೇ ಅವನು? ನೇಗಿಲಿಗೆ ಕೊಂಬೆ ಹುಡುಕೋ ಹಾಗೆ ಕಾಡೆಲ್ಲ ಅಲೆದು, ಹುಟ್ಟಿದಾಗಿಂದ ಬಾಗಿಕೊಂಡೇ ಬೆಳೆದ ಜಾಲಿ ಕೊಂಬೆ ತಂದ. ಅದು ಸೀಳಲಿಲ್ಲ. ಪೊದೆಯ ನೆರಳಲ್ಲೂ ಗುರಿ ಕಾಣಲಿ ಅಂತ ನಳಿಗೆ ತುದಿಗೆ ಕವಡೆಯ ಬಿಳಿ ಚೂರು ಕೂರಿಸಿದ. ಆಮೇಲೆ ತನ್ನ ಬಲಗಣ್ಣು ಮುಚ್ಚಿಕೊಂಡು, ತಾನೇ ನೂರೊಂದು ಗುಂಡು ಹಾರಿಸಿದ ಅಂತಾರೆ. ನೂರೊಂದಕ್ಕೆ ಮದ್ದು ಎಲ್ಲಿತ್ತೋ! ಕೆನ್ನೆ ಮಾತ್ರ ಬದನೆಕಾಯಿ ಹಾಗೆ ಊದಿತ್ತಂತೆ.

ಬೇಟೆಯ ದಿನ ಬಂತು. ಹಂದಿಬೇಟೆ ಅಂದರೆ ಒಂದು ಸಾಲು ಜನ ತಮಟೆ ಬಡೀತಾ ಪೊದೆಯಿಂದ ಹಂದಿ ಎಬ್ಬಿಸಬೇಕು, ಕೋವಿಯವನು ಎದುರು ತುದಿಯಲ್ಲಿ ಕಾದು ನಿಂತಿರಬೇಕು. ಅಂದರೆ ಸಾಲಿನವರು ಕೋವಿಯ ಬಾಯಿಗೇ ನಡೀಬೇಕು. ಒಕ್ಕಣ್ಣನ ಕೈಯಲ್ಲಿ ಸೊಟ್ಟ ಕೋವಿ, ಅದೂ ಬೊಮ್ಮಾಚಾರಿ ಮಾಡಿದ್ದು! ಜಪ್ಪಯ್ಯ ಅಂದರೂ ಒಬ್ಬರೂ ಕದಲಲಿಲ್ಲ.

ಬೊಮ್ಮಾಚಾರಿ ತಮಟೆ ಕಿತ್ತುಕೊಂಡು ತನ್ನ ಕೊರಳಿಗೇ ಹಾಕಿಕೊಂಡ. "ನಡುಮಧ್ಯೆ ನಾನು ನಡೀತೀನಿ. ಬರೋರು ಬನ್ನಿ" ಅಂದ. ಅವನು ಹತ್ತು ಮಾರು ಹೋದ ಮೇಲೆ ನಾಚಿಕೆಗೆ ಒಬ್ಬ ಹೊರಟ, ಅವನ ಹಿಂದೆ ಊರೇ ಹೊರಟಿತು.

ಎದ್ದಿತು ನೋಡಿ ಹಂದಿ, ಎಮ್ಮೆಯಷ್ಟಿತ್ತು ಅಂತಾರೆ. ನೇರ ಜವರಯ್ಯನ ಕಡೆಗೇ ಬಂತು. ಅದರ ಬೆನ್ನಿಗೇ ಬೊಮ್ಮಾಚಾರಿ. ಜವರಯ್ಯ ಕೋವಿ ಎತ್ತಲಿಲ್ಲ. ಗುಂಡು ತಪ್ಪಿದರೆ ಆಚಾರಿಗೆ ತಗಲೋದು; ತನ್ನ ಕಣ್ಣು ಕಳೆದವನೇ ಎದುರಿಗಿದ್ದರೂ ಎತ್ತಲಿಲ್ಲ. ಹಂದಿ ಅವನ ಮೊಣಕಾಲು ಸವರಿ ದಾಟಿ ಹೋಯಿತು. ಆಗ ತಿರುಗಿದ. ಸೊಟ್ಟ ಮರ ತಾನಾಗಿ ಕೆನ್ನೆಗೆ ಬಂದು ಕೂತಿತು, ಎಡಗಣ್ಣಿಗೆ ಬಿಳಿ ಚುಕ್ಕಿ ಸಿಕ್ಕಿತು. ಒಂದೇ ಗುಂಡು, ಹಂದಿ ಉರುಳಿತು.

ಬೊಮ್ಮಾಚಾರಿ ಅಲ್ಲೇ ಕೂತು ಅತ್ತನಂತೆ. ಜವರಯ್ಯ ಕೋವಿಯ ಬುಡ ತಡವಿ ನೋಡಿ, "ಗಟ್ಟಿಯಾಗಿದೆ ಕಣೋ ಆಚಾರಿ" ಅಂದನಂತೆ.

ಈಗ ಬೇಟೆಯೂ ಇಲ್ಲ, ಆ ಕೋವಿಯೂ ಇಲ್ಲ. ಆದರೆ ಆ ಊರಲ್ಲಿ ಇವತ್ತಿಗೂ ಏಣಿ ಮಾಡಿದವನೇ ಮೊದಲು ಹತ್ತಬೇಕು. ಬಾವಿಹಗ್ಗ ಹೊಸೆದವನೇ ಮೊದಲು ಜೋತುಬೀಳಬೇಕು. ಹೊಸ ತೊಟ್ಟಿಲಲ್ಲಿ ಕೂಸು ಮಲಗಿಸೋ ಮುಂಚೆ, ಅದನ್ನ ಮಾಡಿದ ಬಡಗಿ ತನ್ನ ಮೀಸೆ ಸಮೇತ ಅದರೊಳಗೆ ಮುದುಡಿ ಕೂರಬೇಕು. ಬಾಣಂತಿ ತೂಗ್ತಾಳೆ, ಹೆಂಗಸರೆಲ್ಲ ಬಿದ್ದು ಬಿದ್ದು ನಗ್ತಾರೆ. ಅವನು ಮಾತ್ರ ನಗೋ ಹಾಗಿಲ್ಲ.