ಸಂಜೆ ವಾರ್ತೆಯ ಕುರ್ಚಿ

"ಗುರುಗಳೇ, ಬಿಡುವುದೇ ದೊಡ್ಡದೆಂದು ನೀವು ಹೇಳುತ್ತೀರಿ. ನನ್ನ ಅಕ್ಕನಿಗೆ ಅದನ್ನು ಹೇಗೆ ತಿಳಿಸಲಿ?" ಎಂದು ಚನ್ನವೀರ ಕೇಳಿದ.

ಅವನ ಅಕ್ಕ ಒಂದು ದೊಡ್ಡ ಹೋಟೆಲಿನ ಬಾಗಿಲಲ್ಲೇ ಕೂತು ಬಂದವರನ್ನು ವಿಚಾರಿಸಿಕೊಳ್ಳುವ ಕೆಲಸದಲ್ಲಿದ್ದಳು. ವಯಸ್ಸಾಯಿತೆಂದು ಅವಳನ್ನು ಒಳಗಿನ ಕೋಣೆಗೆ ಕಳಿಸಿದ್ದರು. ಅವಳು ಜಗಳಕ್ಕೆ ನಿಂತಿದ್ದಳು.

"ಆ ಜಾಗದ ಮೋಹ ಬಿಡು ಎಂದೆ. ಕೇಳುತ್ತಿಲ್ಲ. ಇದು ಅಹಂಕಾರವಲ್ಲವೆ?"

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಮಂದಾಕಿನಿ ಎಂಬ ಹೆಂಗಸು ಟಿವಿಯಲ್ಲಿ ಸಂಜೆಯ ವಾರ್ತೆ ಓದುತ್ತಿದ್ದಳು. ಸತ್ತವರ ಹೆಸರು ಓದುವಾಗ ದನಿ ಏರಿಸುತ್ತಿರಲಿಲ್ಲ, ಗೆದ್ದವರ ಹೆಸರು ಓದುವಾಗ ಹಲ್ಲು ಕಿರಿಯುತ್ತಿರಲಿಲ್ಲ. ಒಮ್ಮೆ ಹೊಳೆ ಉಕ್ಕಿ ಪಟ್ಟಣಕ್ಕೆ ನೀರು ನುಗ್ಗಿತು. ಯಾವ ಸೇತುವೆ ಮುಚ್ಚಿದೆ, ಯಾವ ಶಾಲೆಯಲ್ಲಿ ಅನ್ನ ಸಿಗುತ್ತದೆ ಎಂದು ಅವಳು ಕೂತ ಜಾಗ ಬಿಟ್ಟೇಳದೆ ಹೇಳುತ್ತಲೇ ಇದ್ದಳು. ಜನ ಅವಳ ಮಾತು ನಂಬಿ ಮನೆ ಬಿಟ್ಟರು, ಬದುಕಿಕೊಂಡರು.

ಅವಳ ಪಕ್ಕದಲ್ಲಿ ಪಾಂಡುರಂಗರಾಯರು ವಾರ್ತೆ ಓದುತ್ತಿದ್ದರು. ಅವಳಿಗಿಂತ ಏಳೆಂಟು ವರ್ಷ ದೊಡ್ಡವರು. ಅವರ ತಲೆ ನರೆಯಿತು, ಹೊಟ್ಟೆ ಮುಂದೆ ಬಂತು. ಯಾರೂ ಏನೂ ಅನ್ನಲಿಲ್ಲ. ಮಂದಾಕಿನಿಯ ಕಿವಿಯ ಹತ್ತಿರ ಒಂದು ಬಿಳಿ ಕೂದಲು ಕಂಡಾಗ ಮಾತ್ರ ವಾಹಿನಿಯವರು ಬಣ್ಣ ಹಚ್ಚಿಕೊಂಡು ಬರಲು ಹೇಳಿದರು. ಅವಳು ಹಚ್ಚಿಕೊಂಡಳು. ಕೆಲಸ ಮುಖ್ಯ ಎಂದುಕೊಂಡಳು.

ಅವಳಿಗೆ ಐವತ್ತು ತುಂಬಿದ ವರ್ಷ ವಾಹಿನಿಯ ಯಜಮಾನ ಕರೆಸಿದ. "ಮೇಡಂ, ಇನ್ನು ನೀವು ಹೊಸಬರಿಗೆ ಕಲಿಸಿಕೊಂಡಿರಿ. ತೆರೆಯ ಮೇಲೆ ಹೊಸ ಮುಖ ಬೇಕಾಗಿದೆ" ಎಂದ.

"ನನ್ನ ಓದಿನಲ್ಲಿ ತಪ್ಪೇನು ಬಂತು?"

"ತಪ್ಪೇನಿಲ್ಲ. ಆದರೆ ಟಿವಿಯನ್ನು ಜನ ನೋಡುತ್ತಾರಲ್ಲ."

"ರಾಯರು ನನಗಿಂತ ದೊಡ್ಡವರು. ಅವರನ್ನೂ ನೋಡುತ್ತಾರಲ್ಲ?"

ಯಜಮಾನ ನಕ್ಕ. "ಗಂಡಸಿಗೆ ನರೆ ಬಂದರೆ ಮಾತಿಗೆ ತೂಕ ಬರುತ್ತದೆ ಮೇಡಂ."

ಮನೆಯಲ್ಲಿ ಗಂಡ, "ಹೋಗಲಿ ಬಿಡು, ದುಡಿದದ್ದು ಸಾಕು" ಎಂದ. ರಾಯರು ಬಂದು, "ಮರ್ಯಾದೆಯಿಂದ ಬಿಟ್ಟುಕೊಟ್ಟರೆ ದೊಡ್ಡವರಾಗುತ್ತೀರಿ" ಎಂದರು. ಎಲ್ಲರೂ ಅವಳಿಗೆ ದೊಡ್ಡತನವನ್ನೇ ಬಡಿಸಿದರು. ಅವಳಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ.

ಕೊನೆಯ ಸಂಜೆ ಬಂತು. ಒಳಗೆ ಶಾಲು, ಹಣ್ಣಿನ ಬುಟ್ಟಿ ತಯಾರಾಗಿತ್ತು. ವಾರ್ತೆ ಮುಗಿಯುವ ಹೊತ್ತಿಗೆ ಅವಳು ಓದಬೇಕಾದ ಸಾಲುಗಳು ಎದುರಿನ ಪರದೆಯಲ್ಲಿ ಮೂಡಿದವು. ಅವಳು ಒಂದು ಉಸಿರು ತೆಗೆದುಕೊಂಡಳು. ಹೊಳೆ ಉಕ್ಕಿದ ದಿನ ಮಾತಾಡಿದ್ದ ಅದೇ ದನಿಯಲ್ಲಿ ಹೇಳಿದಳು:

"ಮಂದಾಕಿನಿ ಸ್ವಂತ ಇಷ್ಟದಿಂದ ವಾರ್ತೆ ಓದುವ ಕೆಲಸದಿಂದ ನಿವೃತ್ತಳಾಗುತ್ತಿದ್ದಾಳೆ ಎಂಬ ಸುದ್ದಿ ನನ್ನ ಮುಂದಿದೆ. ಈ ಸುದ್ದಿ ಸುಳ್ಳು. ನನಗೆ ಐವತ್ತಾಯಿತು, ನಾನು ಹೆಂಗಸು, ಅದಕ್ಕೆ ನನ್ನನ್ನು ತೆಗೆಯುತ್ತಿದ್ದಾರೆ. ಪಕ್ಕದಲ್ಲಿರುವ ರಾಯರು ನಾಳೆಯೂ ಇರುತ್ತಾರೆ. ಗೊತ್ತಿದ್ದೂ ನಿಮಗೆ ಸುಳ್ಳು ಓದಿ ನನಗೆ ಅಭ್ಯಾಸವಿಲ್ಲ. ನಮಸ್ಕಾರ."

ತಟ್ಟನೆ ತೆರೆಯ ಮೇಲೆ ಸೋಪಿನ ಜಾಹೀರಾತು ಬಂತು.

ಶಾಲು ಮಡಿಸಿದಂತೆಯೇ ಉಳಿಯಿತು. ಅವಳನ್ನು ಬಾಗಿಲ ಹೊರಗೆ ಕಳಿಸಿದರು. ಅವಳು ನ್ಯಾಯಾಲಯಕ್ಕೆ ಹೋದಳು. ಅವಳ ಜಾಗದಲ್ಲಿ ಸಿಂಚನಾ ಎಂಬ ಹುಡುಗಿ ಕೂತಳು.

ವಿಚಾರಣೆ ಬಹಳ ಕಾಲ ಎಳೆಯಿತು. ಬೀದಿಯಲ್ಲಿ ಕೆಲವರು, ಈ ವಯಸ್ಸಲ್ಲಿ ಇವಳಿಗೇಕೆ ಬೇಕಿತ್ತು ಎಂದು ಆಡಿಕೊಂಡರು. ಮಂದಾಕಿನಿಗೆ ಕೆಲವು ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲು ಮನಸ್ಸಾಗುತ್ತಿರಲಿಲ್ಲ. ಆದರೂ ಎದ್ದು, ಸೀರೆ ಉಟ್ಟು, ನ್ಯಾಯಾಲಯದ ಬೆಂಚಿನ ಮೇಲೆ ಬಂದು ಕೂರುತ್ತಿದ್ದಳು. ಕೂದಲಿಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿದ್ದಳು.

ಯಜಮಾನನ ವಕೀಲ, "ವಯಸ್ಸಿಗೂ ಇದಕ್ಕೂ ಸಂಬಂಧವೇ ಇಲ್ಲ" ಎಂದು ವಾದಿಸಿದ. ಅದನ್ನು ಗಟ್ಟಿ ಮಾಡಲು ಸಿಂಚನಾಳನ್ನೇ ಸಾಕ್ಷಿಗೆ ಕರೆದ. ಹುಡುಗಿ ಕಟಕಟೆಗೆ ಬಂದಳು. ಯಜಮಾನ ಎದುರಿಗೇ ಕೂತಿದ್ದ. ಅವಳು ಅವನ ಮುಖ ನೋಡಲಿಲ್ಲ.

"ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಯಜಮಾನರು, 'ನಲವತ್ತರವರೆಗೆ ನಿನಗೆ ಚಿಂತೆಯಿಲ್ಲ' ಎಂದರು. ಆಮೇಲೆ ಏನು ಎಂದು ನಾನು ಅವತ್ತು ಕೇಳಲಿಲ್ಲ. ಇವತ್ತು ಕೇಳುತ್ತಿದ್ದೇನೆ" ಎಂದಳು.

ಮಂದಾಕಿನಿ ಅಷ್ಟು ದಿನ ತಡೆದುಕೊಂಡಿದ್ದವಳು, ಆಗ ಸೆರಗಿನಿಂದ ಕಣ್ಣೊರೆಸಿಕೊಂಡಳು.

ತೀರ್ಪು ಅವಳ ಕಡೆಗಾಯಿತು. ಅವಳನ್ನು ಅದೇ ಕುರ್ಚಿಯಲ್ಲಿ ಕೂರಿಸಬೇಕು, ಸಾಕ್ಷಿ ಹೇಳಿದ ಹುಡುಗಿಯನ್ನು ಕೆಲಸದಿಂದ ತೆಗೆಯಬಾರದು ಎಂದು ನ್ಯಾಯಾಧೀಶರು ಹೇಳಿದರು.

ಅವಳು ಮರಳಿ ಬಂದ ಸಂಜೆ ಚಹಾ ಅಂಗಡಿಗಳಲ್ಲಿ ಜನ ಲೋಟ ಕೆಳಗಿಟ್ಟು ಟಿವಿಯ ಮುಂದೆ ನಿಂತರು. ಹೊಳೆಬೀದಿಯ ಹೆಂಗಸರು ಒಂದೇ ಮನೆಯಲ್ಲಿ ಸೇರಿದ್ದರು. ತೆರೆಯ ಮೇಲೆ ಮಂದಾಕಿನಿಯ ನರೆಗೂದಲಿನ ತಲೆ ಕಾಣಿಸಿತು, ಒಂದು ಪಕ್ಕ ರಾಯರು, ಇನ್ನೊಂದು ಪಕ್ಕ ಸಿಂಚನಾ. ಹೆಂಗಸರು ಚಪ್ಪಾಳೆ ತಟ್ಟಿದ ಸದ್ದು ಬೀದಿಯ ಆ ತುದಿಗೆ ಕೇಳಿತು. ಮಂದಾಕಿನಿ ತನ್ನ ವಿಷಯ ಒಂದು ಮಾತೂ ಆಡಲಿಲ್ಲ. ಅಂದಿನ ಸುದ್ದಿ ಓದಿದಳು. ಒಳಗೆ ಎದೆ ತುಂಬಿ ಬಂದಿತ್ತು. ದನಿ ಮಾತ್ರ ನಡುಗಲಿಲ್ಲ.

ಹಲವು ವರ್ಷ ಓದಿದಳು. ಆಮೇಲೆ ಒಂದು ದಿನ ತಾನಾಗಿಯೇ ಯಜಮಾನನ ಬಳಿಗೆ ಹೋಗಿ, "ನನಗೆ ಸಾಕೆನಿಸಿದೆ, ಹೊರಡುತ್ತೇನೆ" ಎಂದಳು. ಜನ ನಿಮ್ಮನ್ನೇ ಕೇಳುತ್ತಾರೆ, ಇನ್ನೂ ಸ್ವಲ್ಪ ಕಾಲ ಇರಿ ಎಂದು ಅವನು ಕೈಮುಗಿದ. ಅವಳು ನಗುತ್ತಲೇ ಮೆಟ್ಟಿಲಿಳಿದಳು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನ ಮುಖ ಅರಳಿತು.

"ನೋಡಿ, ಕೊನೆಗೆ ಅವಳೂ ಬಿಟ್ಟಳಲ್ಲ! ಆ ಕುರ್ಚಿಯನ್ನು ಮೊದಲೇ ಬಿಟ್ಟಿದ್ದರೆ ಇಷ್ಟೆಲ್ಲ ಜಗಳ ಯಾಕೆ ಬೇಕಿತ್ತು?"

"ಬೇರೆಯವರು ಕೈಯಿಂದ ಕಿತ್ತುಕೊಂಡದ್ದನ್ನು ಬಿಟ್ಟುಕೊಡುವುದು ಹೇಗೆ ಮಗು, ನೀನೇ ಹೇಳು" ಎಂದರು ಗುರುಗಳು.

ಚನ್ನವೀರ ಗುರುಗಳಿಗೆ ಕೈಮುಗಿದು, ಅಕ್ಕನನ್ನು ಕಾಣಲು ಹೊರಟ.