ಕ್ಯಾತಣ್ಣನ ಲಾರಿಗೆ ಜುಂಜ ತಂದ ಟೀವಿ

ಮಳೆ ಬಂದ್ರೆ ತಂತಿ ಮೇಲಿನ ಬಟ್ಟೆ ಒಳಕ್ಕೆ ತಾ ಅಂತ ಮಗನಿಗೆ ಹೇಳಿ ದೊಡ್ಡೀರಮ್ಮ ಒಂದ್ಸಲ ತವರಿಗೆ ಹೋದ್ಲಂತೆ. ಅದು ಶಿರಾ ಸೀಮೆ. ಮಳೆ ಎಲ್ಲಿಂದ ಬರ್ಬೇಕು? ಅವಳು ತಿರುಗಿ ಬಂದಾಗಲೂ ಬಟ್ಟೆ ತಂತಿ ಮೇಲೇ ಇತ್ತು. ಕೆಂಪು ಸೀರೆ ಬೆಳ್ಳಗಾಗಿತ್ತು, ಬಿಳೀ ಪಂಚೆ ಗಾಜಿನಂಗಾಗಿ ಅದರೊಳಗಿಂದ ಆಚೆ ಬೆಟ್ಟ ಕಾಣ್ತಿತ್ತು. ಮಗ ಜುಂಜ ತಂತಿ ಕೆಳಗೆ ಕೂತು ಆಕಾಶ ನೋಡ್ತಾ ಇದ್ದ. ಮೀಸೆ ಬಂದಿರೋ ಮಗ, ಎತ್ತಿನಂಥ ಮೈ, ಹೇಳಿದ್ದನ್ನ ಹೇಳಿದಂಗೇ ಮಾಡೋನು. ಊರಲ್ಲಿ ಬೇರೆ ತಾಯಂದಿರೆಲ್ಲ ಮಕ್ಕಳು ಮಾತು ಕೇಳಲ್ಲ ಅಂತ ಅಳೋರು. ದೊಡ್ಡೀರಮ್ಮ, ಇವನು ಕೇಳ್ತಾನಲ್ಲಪ್ಪ ಅಂತ ಅಳೋಳು.

ಅವಳ ಗಂಡ ಕ್ಯಾತಣ್ಣ ಲಾರಿ ಡ್ರೈವರು. ಎಂಥಾ ಡ್ರೈವರು ಅಂತೀರಿ! ಬಾನೆಟ್ ಮೇಲೆ ತುಂಬಿದ ಟೀ ಲೋಟ ಇಟ್ಟು ಶಿರಾದಲ್ಲಿ ಹೊರಟ್ರೆ ಪುಣೇಲಿ ಇಳ್ದು ಅದನ್ನ ಕುಡಿಯೋನು. ಒಂದು ತೊಟ್ಟು ಚೆಲ್ಲಿರ್ತಿರ್ಲಿಲ್ಲ, ಟೀ ಇನ್ನೂ ಬಿಸಿ ಇರ್ತಿತ್ತು. ಹುಟ್ಟಿದ್ಮೇಲೆ ಯಾವ ಗಾಡಿಗೂ ಉಗುರಿನಷ್ಟು ಗೀರು ಮಾಡಿದೋನಲ್ಲ. ಅಂಥೋನಿಗೆ ಒಂದು ಬೆಳಿಗ್ಗೆ ನಲ್ಲಿ ಹತ್ರ ಮುಖ ತೊಳೀತಾ ಲಕ್ವ ಹೊಡೀತು. ಬಲಗಡೆ ಪೂರಾ ಬಿದ್ದೋಯ್ತು. ಮಾತು ಹೋಯ್ತು. ಬಲಗೈ ಮುಚ್ಚಿದ ಮೊಗ್ಗಿನಂಗೆ ಮುದುರಿಕೊಂಡು ಎದೆ ಮೇಲೆ ಕೂತ್ಕಂತು.

ಆಸ್ಪತ್ರೆಯಿಂದ ಕೈಕಾಲು ಆಡಿಸೋಕೆ ನಸೀಮಾ ಅನ್ನೋ ಹುಡುಗಿ ಬರೋಳು. ಅವಳು ದೊಡ್ಡೀರಮ್ಮನ್ನ ಅಂಗಳಕ್ಕೆ ಕರ್ದು ಮುಚ್ಚುಮರೆ ಇಲ್ದೆ ಹೇಳಿದ್ಲು: ಈ ಚಳಿಗಾಲ ಕಳೆಯೋದ್ರೊಳಗೆ ಆ ಕೈ ಆಡ್ಬೇಕು, ಆಡ್ಲಿಲ್ಲಾಂದ್ರೆ ಇನ್ನು ಆಡಲ್ಲ. ಹಿಸುಕೋಕೆ ಅಂತ ರಬ್ಬರ್ ಚೆಂಡು ಕೊಟ್ಲು. ಕ್ಯಾತಣ್ಣ ಅದನ್ನ ಎಡಗೈಲಿ ತಗೊಂಡು ನಾಯಿಗೆ ಎಸೆದ. ಗೋಡೆ ಕಡೆ ತಿರುಗಿ ಮಲಗ್ದ.

ಅವನ ಹತ್ರ ಕ್ಲೀನರ್ ಆಗಿದ್ದ ಅನ್ವರ್ ಈಗ ತಾನೇ ಲಾರಿ ಇಟ್ಟಿದ್ದಾನೆ. ಗುರು ಹಿಂಗೆ ಬಿದ್ದಿರೋದು ನೋಡ್ಲಾರದೆ ಅವನು ಎಲ್ಲಿಂದ್ಲೋ ಒಂದು ಗೇಮ್ ಪೆಟ್ಟಿಗೆ ತಂದ. ಜೊತೆಗೊಂದು ಸ್ಟೇರಿಂಗು, ಗೇರು ಬ್ರೇಕು ಎಲ್ಲ ಅದರಲ್ಲೇ. ಟೀವೀಗೆ ಸಿಕ್ಕಿಸಿದ್ರೆ ಎದುರಿಗೆ ರಸ್ತೆ, ಕೈಲಿ ಲಾರಿ. ಇಂಜಿನ್ ಸದ್ದು ಕೇಳಿದ್ದೇ ತಡ, ಕ್ಯಾತಣ್ಣ ಗೋಡೆ ಬಿಟ್ಟು ಇತ್ತ ತಿರುಗ್ದ. ಆ ಮುದುರಿದ ಬಲಗೈ ಎದೆ ಮೇಲಿಂದ ಜಾರಿ, ತೆವಳಿ ತೆವಳಿ ಸ್ಟೇರಿಂಗ್ ಮೇಲೆ ಬಂದು ಕೂತ್ಕಂತು. ದೊಡ್ಡೀರಮ್ಮ ಸೆರಗು ಬಾಯಿಗೆ ಒತ್ಕಂಡ್ಲು.

ಆದ್ರೆ ಮನೇಲಿದ್ದ ಟೀವಿ ಯಾವುದೋ ಮುಚ್ಚಿಹೋದ ಢಾಬಾದಿಂದ ಬಂದಿದ್ದು. ಕೈ ಈಗ ತಿರುಗಿಸಿದ್ರೆ ಚಿತ್ರ ಆಮೇಲೆ ತಿರುಗೋದು. ಅಷ್ಟರಲ್ಲಿ ಲಾರಿ ಹಳ್ಳಕ್ಕೆ. ಮತ್ತೆ ತಿರುಗಿಸ್ದ, ಮತ್ತೆ ಹಳ್ಳಕ್ಕೆ. ಕ್ಯಾತಣ್ಣನ ಕಣ್ಣಲ್ಲಿ ನೀರು ಬಂತು. ತಪ್ಪು ಟೀವೀದು ಅಂತ ಅವನಿಗೆ ಹೇಳೋದು ಹೆಂಗೆ? ತನ್ನ ಕೈದೇ ಅಂದ್ಕಂಡ. ಕೈ ವಾಪಸ್ ಎದೆ ಮೇಲೆ ಹೋಗಿ ಮುದುರಿಕೊಳ್ತು.

ಹೊಸ ಟೀವಿ ಬೇಕೇ ಬೇಕು ಅಂತಾಯ್ತು. ಶಿರಾ ಪೇಟೆ ಪದ್ಮನಾಭ ಶೆಟ್ರ ಅಂಗಡೀಲಿ ಅನ್ವರ್ ಮಾತಾಡಿಟ್ಟ, ಯಾವುದು ಒಗ್ಗುತ್ತೋ ತಗೊಂಡೋಗ್ಲಿ, ಒಗ್ಗದಿದ್ರೆ ಬದಲಾಯಿಸಿ ಕೊಡಿ, ನಾನಿದ್ದೀನಿ ಅಂತ. ಹೇಳಿ ಅವನು ಲೋಡು ಹಾಕ್ಕೊಂಡು ನಾಗಪುರಕ್ಕೆ ಹೋದ. ದೊಡ್ಡೀರಮ್ಮ ಗಂಡನ್ನ ಬಿಟ್ಟು ಕದಲೋಹಂಗಿಲ್ಲ, ಊರೋರೆಲ್ಲ ಕಡ್ಲೇಕಾಯಿ ಹೊಲದಲ್ಲಿ. ಉಳಿದೋನು ಜುಂಜ.

"ಹೋಗಪ್ಪ. ತಡ ಮಾಡೋ ಟೀವಿ ಬ್ಯಾಡ. ಒಂದು ಚಣಾನೂ ತಡ ಆಗದಂಥದ್ದೇ ತಾ" ಅಂದ್ಲು.

ಜುಂಜ ಹೋದ. ಅಂಗಡೀಲಿದ್ದ ಟೀವಿಗಳನ್ನೆಲ್ಲ ಆರಿಸಿ ಹಚ್ಚಿ, ಆರಿಸಿ ಹಚ್ಚಿ ನೋಡ್ದ. ಎಲ್ಲವೂ ಹತ್ಕೊಳ್ಳೋಕೆ ಒಂದೊಂದು ಚಣ ತಗೊಂಡ್ವು. ತಡ ಮಾಡ್ದೆ ಇದ್ದದ್ದು ಒಂದೇ. ಶೆಟ್ರ ಗಲ್ಲಾಪೆಟ್ಟಿಗೆ ಮೇಲಿತ್ತು. ಅಂಗಡಿಗೆ ಕಳ್ಳರು ಬಂದ್ರೆ ಕಾಣ್ಲಿ ಅಂತ ಕ್ಯಾಮೆರಾಕ್ಕೆ ಹಾಕಿದ್ದ ಪುಟಾಣಿ ಪರದೆ, ಹಗಲೂ ರಾತ್ರಿ ಉರೀತಾನೇ ಇರೋದು. ಅದನ್ನೇ ಕೇಳ್ದ. ಶೆಟ್ರು ಬ್ಯಾಡ ಅಂದ್ರು, ಬೈದ್ರು, ಕಾಫಿ ಕುಡಿಸಿದ್ರು. ಇವನು ಕದಲಲಿಲ್ಲ. ಕೊನೆಗೆ ಪೀಡೆ ತೊಲಗ್ಲಿ ಅಂತ ಕಿತ್ತು ಕೊಟ್ರು.

ಮನೇಲಿ ಹಾಕಿ ನೋಡಿದ್ರೆ ಪರದೆ ರೊಟ್ಟಿಯಷ್ಟಗಲ. ಅದರೊಳಗೆ ಲಾರಿ ಇರುವೆಯಂಗೆ ಹರೀತಿತ್ತು. ಕ್ಯಾತಣ್ಣ ಕಣ್ಣು ಕಿರಿದು ಮಾಡಿ ನೋಡಿ ನೋಡಿ, ಕಣ್ಣೇ ಮುಚ್ಕಂಡ. ದೊಡ್ಡೀರಮ್ಮ ಮಗನ ಬೆನ್ನಿಗೆ ಒಂದು ಗುದ್ದಿದ್ಲು. ಅಲ್ಲ ಕಣೋ ಮೂಢ, ಲಾರಿ ಲಾರಿಯಂಗೆ ಕಾಣ್ಬಾರ್ದೇನೋ, ದೊಡ್ಡದು ತರ್ಬೇಕು, ಗೋಡೆ ತುಂಬಬೇಕು ಅಂದ್ಲು.

ಗೋಡೆ ತುಂಬಬೇಕು. ಸರಿ. ಜುಂಜ ಅವ್ವನ ಹಳೇ ಸೀರೇಲಿ ಗೋಡೆ ಅಳೆದ. ಸೀರೆ ಹೊದ್ಕೊಂಡು ಹೋಗಿ ಅಂಗಡೀಲಿ ಹಾಸ್ದ. ಅಷ್ಟಗಲದ್ದು ಇದ್ದದ್ದು ಒಂದೇ, ಯಾವುದೋ ಕಲ್ಯಾಣ ಮಂಟಪದೋರು ತರಿಸಿ, ಆಮೇಲೆ ಬ್ಯಾಡ ಅಂತ ಬಿಟ್ಟುಹೋಗಿದ್ದು. ಲಗೇಜ್ ಆಟೋ ಮೇಲೆ ನಿಲ್ಲಿಸಿ ಕಟ್ಟಿದ್ರು. ಹೈವೇಲಿ ಬೀಸಿದ ಗಾಳಿ ಅದಕ್ಕೆ ತುಂಬ್ಕಂಡು ಆಟೋನ ಹಾಯಿದೋಣಿಯಂಗೆ ತಳ್ತು ನೋಡಿ, ಊರು ಬರೋತಂಕ ಆಟೋದೋನು ಇಂಜಿನ್ನೇ ಹಚ್ಚಲಿಲ್ಲ. ಬಾಗಿಲಲ್ಲಿ ಹಿಡೀಲಿಲ್ಲ ಅಂತ ಜುಂಜ ಬಾಗಿಲುವಾಡ ಕಿತ್ತ. ಗೋಡೆ ತುಂಬ್ತು, ಗೋಡೇಲಿದ್ದ ಕಿಟಕೀನೂ ಮುಚ್ಕಂತು. ಮಲಗಿರೋ ಮನುಷ್ಯನಿಗೆ ಇದ್ದ ಒಂದು ಬೆಳಕು, ಒಂದು ಗಾಳಿ, ಎರಡೂ ಹೋಯ್ತು.

ಹೋಗ್ಲಿ, ಕೈ ಆಡುತ್ತಲ್ಲ ಅಂತ ದೊಡ್ಡೀರಮ್ಮ ಸಮಾಧಾನ ಮಾಡ್ಕಂಡ್ಲು. ಆಡ್ತು ಕೂಡ. ಆದ್ರೆ ಆಟದೊಳಗೆ ಇರುಳಾಗಿ ರಸ್ತೆ ಕಪ್ಪಾದಾಗ ಪರದೆಯ ನಾಲ್ಕು ಮೂಲೆಯಿಂದ ಬೆಳ್ಳಗೆ ಬೆಳಕು ಸೋರೋದು. ಪರದೆ ಹಿಂದೆ ಇರೋ ದೀಪದ ಬೆಳಕಂತೆ, ಮೂಲೇಲಿ ತಡೆಯೋಕಾಗ್ದೆ ಹೊರಗೆ ಬರುತ್ತಂತೆ. ಕ್ಯಾತಣ್ಣನಿಗೆ ಅದೆಲ್ಲ ಏನು ಗೊತ್ತು? ಎದುರುಗಡೆ ಲಾರಿ ಹೆಡ್‌ಲೈಟು ಹಾಕ್ಕೊಂಡು ಬರ್ತೈತೆ ಅಂದ್ಕಂಡ. ಮರ್ಯಾದಸ್ಥ ಡ್ರೈವರು, ದಾರಿ ಬಿಟ್ಟ. ಎಡಕ್ಕೆ ಸರಿದ, ಇನ್ನೂ ಸರಿದ, ಹಳ್ಳಕ್ಕೆ ಬಿದ್ದ. ಬಾರದೇ ಇರೋ ಲಾರಿಗೆ ದಾರಿ ಬಿಟ್ಟು ಬಿಟ್ಟು ಸಂಜೆ ಹೊತ್ತಿಗೆ ಸ್ಟೇರಿಂಗ್ ಬಿಟ್ಟ. ಕೈ ಎದೆ ಮೇಲೆ ಹೋಯ್ತು.

ದೊಡ್ಡೀರಮ್ಮ ಈ ಸಲ ಹೊಡೀಲಿಲ್ಲ. ಹೊಡೆಯೋ ಶಕ್ತಿ ಇರ್ಲಿಲ್ಲ. ಅಂಗಡೀಲಿ ಬೆಳಕಿರುತ್ತೆ ಕಣೋ, ಅಲ್ಲಿ ಇದು ಕಾಣಲ್ಲ, ಬಾಗಿಲು ಹಾಕ್ಸಿ ಕತ್ಲೇಲಿ ನೋಡ್ಬೇಕು, ಕತ್ಲೇಲಿ ಎಲ್ಲೂ ಬೆಳಕು ಕಾಣ್ಬಾರ್ದು ಅಂತ ಹೇಳಿ ಕಳಿಸಿದ್ಲು.

ಜುಂಜ ಶೆಟ್ರ ಅಂಗಡಿ ಷಟರ್ ಎಳೆಸ್ದ. ದೀಪ ಆರಿಸ್ದ. ಒಳಗಿದ್ದ ಗಿರಾಕಿಗಳು ಭೂಕಂಪ ಅಂದ್ಕಂಡು ಹಿಂಬಾಗಿಲಿಂದ ಓಡಿದ್ರು. ಒಂದೊಂದು ಟೀವೀಗೂ ಮೂಗು ತಾಗಿಸಿ ನೋಡ್ದ. ಎಲ್ಲದ್ರಲ್ಲೂ ಎಲ್ಲೋ ಒಂದು ಕಡೆ ಬೆಳಕು. ಮೂಲೇಲಿದ್ದ ಒಂದರಲ್ಲಿ ಮಾತ್ರ ಸಾಸಿವೆ ಕಾಳಿನಷ್ಟೂ ಬೆಳಕಿರ್ಲಿಲ್ಲ. ಶೆಟ್ರು ಹೇಳಿದ್ರು, ಅಯ್ಯಾ ಅದು ಸುಟ್ಟೋಗಿದೆ, ರಿಪೇರಿಗೆ ಅಂತ ಇಟ್ಟಿರೋದು ಅಂತ. "ಬೆಳಕು ಕಾಣ್ಬಾರ್ದು ಅಂದೈತೆ ನಮ್ಮವ್ವ" ಅಂದ ಜುಂಜ. ತಲೆ ಮೇಲಿಟ್ಕಂಡು ಹೊರಟೇಬಿಟ್ಟ.

ಆ ದಿನ ನಸೀಮಾ ಬಂದಿದ್ಲು. ಕ್ಯಾತಣ್ಣನ ಬೆರಳು ಒಂದೊಂದಾಗಿ ಬಿಡಿಸ್ತಾ ಇದ್ಲು, ಬಿಟ್ರೆ ಒಂದೊಂದಾಗಿ ಮುಚ್ಕೋತಾ ಇದ್ವು. ಎದುರಿಗೆ ಸತ್ತ ಟೀವಿ ಇಟ್ಟು ಜುಂಜ ಹೆಮ್ಮೆಯಿಂದ ನಿಂತಿದ್ದ. ನಸೀಮಾ ಚೀಲ ಎತ್ಕಂಡು ಹೋಗ್ತಾ, "ಚಿಕ್ಕಮ್ಮ, ಚಳಿ ಕಡಿಮೆಯಾಗ್ತಾ ಬಂತು" ಅಂದ್ಲು, ಅಷ್ಟೇ.

ದೊಡ್ಡೀರಮ್ಮ ಮಗನ ಎರಡೂ ಕೆನ್ನೆ ಹಿಡ್ಕಂಡ್ಲು. ನನ್ನಪ್ಪ, ನೀನೇನೂ ನೋಡ್ಬ್ಯಾಡ, ಆರಿಸ್ಬ್ಯಾಡ, ನನ್ನ ಮಾತನ್ನೂ ಹೊತ್ಕೊಂಡು ಹೋಗ್ಬ್ಯಾಡ. ಕಾಯಿಲೆ ಮನುಷ್ಯ ಲಾರಿ ಆಟ ಆಡೋಕೆ ಬೇಕು ಅನ್ನು, ಶೆಟ್ರು ಕೊಟ್ಟಿದ್ದು ತಾ, ತಂದ್ಮೇಲೆ ಅದನ್ನ ಮುಟ್ಬ್ಯಾಡ ಅಂದ್ಲು.

ಶೆಟ್ರು ಮೊದಲೇ ಹಿಂಗೆ ಹೇಳ್ಬಾರ್ದಿತ್ತೇನಯ್ಯ ಅಂತ ತಲೆ ತಲೆ ಚಚ್ಚಿಕೊಂಡ್ರು. ಒಳಗಿಂದ ಒಂದು ಟೀವಿ ತೆಗೆದ್ರು. ಅದಕ್ಕೆ ಹಿಂದೆ ದೀಪವೇ ಇಲ್ಲ, ಚಿತ್ರವೇ ದೀಪ. ಕಪ್ಪು ಅಂದ್ರೆ ಹಾಳುಬಾವಿ ಕಪ್ಪು. ಕೈ ಆಡಿದ್ರೆ ಚಿತ್ರ ಆಡ್ತು. ಒಂದೇ ಒಂದು ಎಚ್ಚರಿಕೆ ಹೇಳಿದ್ರು, ಒಂದೇ ಚಿತ್ರ ಬಹಳ ಹೊತ್ತು ನಿಂತ್ರೆ ಅದು ಅಲ್ಲೇ ಅಚ್ಚೊತ್ತಿದಂಗೆ ಕಲೆ ಉಳಿಯುತ್ತೆ, ಕಲೆ ಬಿದ್ರೆ ನಾನು ವಾಪಸ್ ತಗೊಳ್ಳಲ್ಲ ಅಂತ. ಜುಂಜ ಬಂದು ಅವ್ವನಿಗೆ ಅದನ್ನ ಅಕ್ಷರ ಬಿಡ್ದೆ ಒಪ್ಪಿಸ್ದ.

ಕ್ಯಾತಣ್ಣ ಕೂತ. ಕೈ ಇಟ್ಟ. ಲಾರಿ ಹೊರಡ್ತು. ತಿರುವು ಬಂತು, ತಿರುಗಿಸ್ದ, ತಿರುಗ್ತು. ಇನ್ನೊಂದು ತಿರುವು, ಅದೂ ತಿರುಗ್ತು. ಘಾಟಿ ಇಳಿದು ಬಯಲಿಗೆ ಬಂದಾಗ ಆ ಸೊಟ್ಟ ಬಾಯಲ್ಲಿ ಅವನು ನಕ್ಕ. ಬಲಗೈ ಹೆಬ್ಬೆರಳು ಉಳಿದ ಬೆರಳು ಬಿಟ್ಟು ಮೇಲೆದ್ದಿತ್ತು. ದೊಡ್ಡೀರಮ್ಮ ಒಲೆ ಮೇಲಿನ ಸಾರು ಸೀದ್ರೂ ಎದ್ದು ಹೋಗ್ಲಿಲ್ಲ.

ಆದ್ರೆ ಅದೇ ವಾರ ಟೋಲ್ ಗೇಟಲ್ಲಿ ಲಾರಿ ನಿಲ್ಲಿಸಿ ಕ್ಯಾತಣ್ಣ ನಿದ್ದೆ ಹೋದ. ಊಟದ ಹೊತ್ತಿಂದ ದೀಪ ಹಚ್ಚೋ ಹೊತ್ತಿನವರೆಗೂ ಗೇಟಿನ ಅಡ್ಡಗಂಬ ಪರದೆ ಮೇಲೆ ನಿಂತಿತ್ತು. ಜುಂಜ ಎದುರಿಗೇ ಕೂತು ನೋಡ್ತಾ ಇದ್ದ. ಅವತ್ತು ಮಗನ್ನ ಕಾವಲಿಗೆ ಬಿಟ್ಟು ಹೊಲಕ್ಕೆ ಹೋಗಿದ್ದ ದೊಡ್ಡೀರಮ್ಮ ಬರೋ ಹೊತ್ತಿಗೆ ಕಲೆ ಬಿದ್ದಿತ್ತು. ಬೆಟ್ಟ ಬರ್ಲಿ, ಹೊಳೆ ಬರ್ಲಿ, ಅದರ ಮೇಲೊಂದು ಮಬ್ಬು ಅಡ್ಡಗಂಬ. ಗೇಟು ಕಂಡ್ರೆ ನಿಲ್ಲಿಸೋದು ಕ್ಯಾತಣ್ಣನ ರಕ್ತದಲ್ಲೇ ಐತೆ. ಹೆಜ್ಜೆಗೊಂದ್ಸಲ ಬ್ರೇಕ್ ಒತ್ತೋಕೆ ಶುರು ಮಾಡ್ದ.

"ನೋಡ್ತಾ ಕೂತಿದ್ದೆಯಲ್ಲೋ, ನಿನ್ನ ಕಣ್ಣು ಸೇದೋಗ!" ಅಂತ ದೊಡ್ಡೀರಮ್ಮ ಪೊರಕೆ ತಗೊಂಡ್ಲು.

"ಮುಟ್ಬ್ಯಾಡ ಅಂದಿದ್ದೆ ಕಣವ್ವ."

"ಗಾಡಿ ನಿಂತ್ರೆ ಮುಟ್ಟಬೇಕು. ಕೈಗೆ ತಗೊಂಡು ನೀನು ಓಡಿಸ್ಬೇಕು. ಚಿತ್ರ ನಿಲ್ಲಬಾರ್ದು, ತಿಳೀತಾ? ಏನೇ ಆಗ್ಲಿ ನಿಲ್ಲಬಾರ್ದು."

ತಿಳೀತು ಅಂದ ಜುಂಜ.

ಆಮೇಲೆ ಕೆಲವು ದಿನ ಆ ಮನೇಲಿ ಒಳ್ಳೇದೇ ಆಯ್ತು. ಇಲ್ಲದ ಗೇಟಿನ ಕೆಳಗೆ ನುಗ್ಗೋದನ್ನ ಕ್ಯಾತಣ್ಣ ಕಲಿತ. ಅಪ್ಪ ಸುಸ್ತಾದ್ರೆ ಮಗ ಸ್ಟೇರಿಂಗ್ ಹಿಡಿಯೋನು, ಅಪ್ಪ ಪಕ್ಕದಲ್ಲಿ ಮಲಗಿ ರಸ್ತೆ ನೋಡೋನು. ಒಂದಿನ ಬಲಗೈಲಿ ನೀರಿನ ಲೋಟ ಹಿಡಿದು ಅರ್ಧ ಚೆಲ್ಲಿ ಅರ್ಧ ಕುಡಿದ. ಶಿರಾದಿಂದ ಪುಣೆಗೆ ಟೀ ಒಯ್ದೋನು ಅಷ್ಟು ಚೆಲ್ಲಿದ್ದಕ್ಕೆ ನಾಚಿಕೊಂಡ. ಹೆಂಡತಿ ಆ ಲೋಟ ತೊಳೀದೆ ಹಂಗೇ ಗೂಡಲ್ಲಿಟ್ಲು.

ಒಂದು ಮಧ್ಯಾಹ್ನ ದೊಡ್ಡೀರಮ್ಮ ಅಂಗಳದಲ್ಲಿ ಕಡ್ಲೇಕಾಯಿ ಬಿಡಿಸ್ತಾ ಕೂತಿದ್ಲು. ಒಳಗೆ ಲಾರಿ ಓಡ್ತಾ ಇತ್ತು. ಇವತ್ತು ನಿಲ್ಲಿಸೇ ಇಲ್ವಲ್ಲ, ಎಷ್ಟು ಶಕ್ತಿ ಬಂದೈತೆ ಅಂದ್ಕಂಡ್ಲು. ದಾರೀಲಿ ಹೋಗೋರು ಕೇಳಿದ್ರೆ, ಕೇಳಿಸ್ಕಳಿ ಹೆಂಗೆ ಓಡಿಸ್ತಾ ಅವ್ರೆ, ಯುಗಾದಿಗೆ ತಾವೇ ಎಣ್ಣೆ ಹಚ್ಕಂಡು ನೀರು ಹುಯ್ಕತಾರೆ ಅಂದ್ಲು. ಒಂದ್ಸಲ ಕೂಗಿ, ಅಪ್ಪಯ್ಯಂಗೆ ಸುಸ್ತಾಗಿಲ್ವೇನೋ ಅಂತ ಕೇಳಿದ್ಲು.

"ಗಾಡಿ ಓಡ್ತಾ ಐತೆ ಕಣವ್ವ" ಅಂದ ಮಗ.

ಮೊರ ತುಂಬ್ತು. ಇನ್ನೊಂದು ಮೊರ ತಗೊಂಡ್ಲು. ಆಗ ಒಳಗಿಂದ ಧಡ್ ಅಂತ ಸದ್ದು ಬಂತು, ಲಾರಿ ಏನಕ್ಕೋ ಗುದ್ದಿ ಹಂಗೇ ಮುಂದಕ್ಕೆ ಹೋಯ್ತು. ಮತ್ತೆ ಗುದ್ದಿತು. ದೊಡ್ಡೀರಮ್ಮನ ಕೈ ನಿಂತೋಯ್ತು. ಗುದ್ದಿ ನಿಲ್ಲಿಸ್ದೆ ಹೋಗೋ ಮನುಷ್ಯ ಅಲ್ಲ ಅದು.

ಒಳಗೆ ಕ್ಯಾತಣ್ಣ ದಿಂಬಿನಿಂದ ಜಾರಿ ಪಕ್ಕಕ್ಕೆ ಬಿದ್ದಿದ್ದ. ಬಲಗೈ ಮಂಚದಿಂದ ಕೆಳಗೆ ತೂಗ್ತಿತ್ತು. ಬೆರಳು ಐದೂ ಪೂರಾ ಬಿಚ್ಕಂಡಿದ್ವು. ಜುಂಜ ಅವನ ಮಗ್ಗುಲಲ್ಲೇ ಕೂತು, ಕಣ್ಣು ಮಿಟುಕಿಸ್ದೆ, ಬೆವರು ಸುರಿಸ್ಕಂಡು ಓಡಿಸ್ತಾ ಇದ್ದ.

"ಅಪ್ಪಯ್ಯ ಅದೆಂಗೋ ಸದ್ದು ಮಾಡಿ ಕೈ ಬಿಟ್ಟ ಕಣವ್ವ. ಗಾಡಿ ನಿಂತ್ಕಂತು. ನಾನು ತಟ್ಟನೆ ಹಿಡ್ಕಂಡೆ. ನೋಡು, ಹೊಸಾ ಕಲೆ ಒಂದೂ ಬಿದ್ದಿಲ್ಲ."

ಯಾವಾಗ ಅಂತ ಕೇಳಿದ್ಲು. ಉಂಡಾದ್ಮೇಲೆ ಅಂದ. ಉಂಡಾದ್ಮೇಲೆ ಅವಳು ಪಾತ್ರೆ ತೊಳೆದಿದ್ಲು, ಮೇಕೆಗೆ ಸೊಪ್ಪು ಹಾಕಿದ್ಲು, ಅಂಗಳದಲ್ಲಿ ಅಷ್ಟು ಕಾಯಿ ಬಿಡಿಸಿದ್ಲು. ಗಂಡನ ಪಾದ ಮುಟ್ಟಿದ್ಲು. ತಣ್ಣಗಿತ್ತು.

ಬೈಯೋಕೆ ಬಾಯಿ ತೆಗೆದ್ಲು. ಜುಂಜ ಬೈಗಳಕ್ಕೂ ಅದರ ಹಿಂದೆ ಬರೋ ಬುದ್ಧಿಮಾತಿಗೂ ಕಾದು ಅವಳ ಬಾಯಿ ನೋಡ್ದ. ಅವನನ್ನ ಬೈದು ಇನ್ನೇನು ಹೇಳಿಕೊಡೋದು? ಬೈಗಳ ಬರ್ಲಿಲ್ಲ. ಅಳು ಬಂತು. ನೆಲಕ್ಕೆ ಕೂತು, ಎದೆ ಬಡ್ಕಂಡು, ನಮ್ಮ ಕಡೆ ಹೆಂಗಸರು ಅಳೋಹಂಗೆ ರಾಗ ಎಳೆದು ಅತ್ಲು. ಕೇಳಿ ಅಕ್ಕಪಕ್ಕದೋರು ಓಡಿ ಬಂದ್ರು.

"ನನ್ನೊಬ್ಬಳನ್ನೇ ಬಿಟ್ಟು ಹೊರಟ್ಯಲ್ಲಾ... ನನ್ನೂ ಕರ್ಕಂಡೋಗು... ನನ್ನೂ ಕರ್ಕಂಡೋಗು..."

ಗಂಡನ ಹೆಸರು ಎಂದೂ ಬಾಯಲ್ಲಿ ಹೇಳಿದೋಳಲ್ಲ. ಅಳುವಾಗ್ಲೂ ಹೇಳ್ಲಿಲ್ಲ. ಹೆಸರಿಲ್ದೆ ಕರೆದ್ಲು. ಜುಂಜ ಸುತ್ತ ನೋಡ್ದ. ಆ ಮನೇಲಿ ಎಲ್ಲಿಗಾದ್ರೂ ಹೊರಟಿದ್ದೋನು ತಾನೊಬ್ಬನೇ.

ಅವನು ಅಪ್ಪನ ಕಾಲು ಮೆಲ್ಲಗೆ ಆಚೆ ಸರಿಸ್ದ. ಹೆಗಲ ಮೇಲಿನ ಟವೆಲ್ ತಗೊಂಡು ಮಂಚದ ತುದಿ ಝಾಡಿಸ್ದ. ತೋಳು ಹಿಡಿದು ಅವ್ವನ್ನ ಎಬ್ಬಿಸಿ ಪಕ್ಕದಲ್ಲಿ ಕೂರಿಸ್ಕಂಡ. ಯಾರೋ ಒಬ್ಬಳು ಕಿಸಕ್ಕಂತ ನಕ್ಕು ಸೆರಗಿನಿಂದ ಬಾಯಿ ಮುಚ್ಕಂಡ್ಲು. ದೊಡ್ಡೀರಮ್ಮ ಕೂರಿಸಿದ ಕಡೆ ಕೂತ್ಲು, ಪರದೆ ಮೇಲಿನ ರಸ್ತೆ ನೋಡಿದ್ಲು.

ಜುಂಜ ಗೇರ್ ಹಾಕ್ದ.

"ಗಟ್ಟಿಯಾಗಿ ಹಿಡ್ಕೊಳ್ಳವ್ವ" ಅಂದ, "ರಸ್ತೆ ಸರಿಯಿಲ್ಲ."