ಪಂದ್ಯಕ್ಕೆ ಕರೆದ ಕೆಂಪು ವಿಮಾನ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ವಿಮಾನ ನಿಲ್ದಾಣದಲ್ಲಿ ಕಾವಲಿಗಿದ್ದ ನಮ್ಮ ಸೋದರಮಾವ ಈರಭದ್ರಪ್ಪನವರು.

ಇಂಗ್ಲೆಂಡಿನಲ್ಲಿ ಪಂದ್ಯಗಳನ್ನು ಗೆದ್ದು ಮುದಿಯಾದ ಕೆಂಪು ವಿಮಾನವೊಂದಿತ್ತು. ಅದರ ಬಿಂಕ ಮಾತ್ರ ಮುದಿಯಾಗಿರಲಿಲ್ಲ. ಒಂದು ದಿನ ಅದು ಪ್ರಯಾಣಿಕರ ದೊಡ್ಡ ವಿಮಾನವನ್ನು ತಡೆದು, "ಏ ಡೊಳ್ಳುಹೊಟ್ಟೆ, ಪಂದ್ಯಕ್ಕೆ ಬಾ. ಸೋತವರು ಇನ್ನು ಹಾರಬಾರದು, ವಾಯುದೇವರ ಮೇಲೆ ಆಣೆ!" ಎಂದಿತು.

"ನಿಮ್ಮ ಜೊತೆ ನನಗೇಕೆ ಪಂದ್ಯ, ಅಜ್ಜಾ?"

"ಹೆದರಿದೆಯಾ?"

ಎರಡೂ ಹಾರಿದವು. ದೊಡ್ಡದು ಗಾಲಿಗಳನ್ನು ಹೊಟ್ಟೆಯೊಳಗೆ ಎಳೆದುಕೊಂಡು ಕ್ಷಣದಲ್ಲಿ ಮುಂದೆ ಹೋಯಿತು.

ಇಳಿದ ಮೇಲೆ ಕೆಂಪು ವಿಮಾನ ಕೇಳಿತು: "ಸೋತೆನಪ್ಪಾ. ಆದರೆ ಗಾಲಿ ಮಡಚುವ ಆ ವರಸೆ ನನ್ನದಲ್ಲವೇ? ನಿನಗೆ ಯಾರು ಕಲಿಸಿದರು?"

"ನಿಮ್ಮನ್ನು ನೋಡಿಯೇ ನಮ್ಮ ಹಿರಿಯರನ್ನು ಕಟ್ಟಿದರಂತೆ, ಅಜ್ಜಾ. ಈ ನುಣುಪು ಮೈಯೂ ನಿಮ್ಮದೇ."

ಕೆಂಪು ವಿಮಾನಕ್ಕೆ ದಿಕ್ಕೇ ತೋಚಲಿಲ್ಲ. "ಸೋತದ್ದು ನಾನು, ಗೆದ್ದ ವರಸೆಯೂ ನನ್ನದು. ಹಾಗಾದರೆ ಹಾರುವುದನ್ನು ಬಿಡಬೇಕಾದವರು ಯಾರು?"

"ನನಗೂ ತಿಳಿಯದು. ಪ್ರಯಾಣಿಕರು ಕಾದಿದ್ದಾರೆ, ಅಪ್ಪಣೆ ಕೊಡಿ."

"ಹೋಗು. ಆದರೆ ನಿಧಾನಕ್ಕೆ ಹೋಗಬೇಡ!"

ಆಣೆಗೆ ಕಟ್ಟುಬಿದ್ದ ಕೆಂಪು ವಿಮಾನ ಮತ್ತೆ ಹಾರಲಿಲ್ಲ. ಆದರೆ ಯಾವ ವಿಮಾನ ಮೇಲೇರಿದರೂ, ತಾನು ನೆಲದ ಮೇಲಿದ್ದೇನೋ ಆಕಾಶದಲ್ಲಿದ್ದೇನೋ ಎಂಬುದು ಅದಕ್ಕೆ ಇಂದಿಗೂ ಗೊತ್ತಾಗುವುದಿಲ್ಲ.

ಕೇಳಿದವರು ದಯಮಾಡಿ ನಿಮ್ಮ ಮನೆಯ ಮಕ್ಕಳಿಗೂ ಇದನ್ನು ಹೇಳಿ.